ಮರಿಗಳ ಸಮಾಧಿ

ಸಮೆಜಿಮಾ ಚಿಜು ಬ್ಯಾಕ್ಟೀರಿಯಾಗಳನ್ನು ಮರಿಗಳು ಎಂದೇ ಕರೆಯುತ್ತಿದ್ದಳು. ಕಾರ್ಖಾನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರೆನ್ನಿ, ಆದರೆ ಉಳಿದವರ ಬಾಯಲ್ಲಿ ಅದು ಬರೀ ರೂಢಿಯ ಮಾತು. ಬೆಳಿಗ್ಗೆ ತಳಿಕೋಣೆಯ ಬಾಗಿಲು ತೆಗೆದು, ಬೆಚ್ಚನೆಯ ಪೆಟ್ಟಿಗೆಯೊಳಗಿನ ಗಾಜಿನ ನಳಿಗೆಗಳನ್ನು ಬೆಳಕಿಗೆ ಹಿಡಿದು, "ಎದ್ರಾ? ನಿದ್ದೆ ಆಯ್ತಾ?" ಎಂದು ಕೇಳದೆ ಅವಳು ಬೇರೆ ಕೆಲಸಕ್ಕೆ ಕೈ ಹಚ್ಚಿದವಳಲ್ಲ. ಹುಡುಗಿಯರು ಹಿಂದಿನಿಂದ ಕಿಸಕ್ಕನೆ ನಗುತ್ತಿದ್ದರು. "ನಗ್ರೇ, ನಗಿ. ನಿಮ್ಮ ಸಂಬಳ ಬರೋದು ಇವರ ಬೆವರಿಂದ" ಎಂದು ಚಿಜು ಬೈಯುತ್ತಿದ್ದಳು.

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಓಸುಮಿ ಕಡಲಂಚಿನ ನಮ್ಮ ಊರಿಗೆ ಆ ಕಾರ್ಖಾನೆ ಬಿಟ್ಟರೆ ಇದ್ದದ್ದು ಗೆಣಸಿನ ಹೊಲ, ಮೀನಿನ ದೋಣಿ, ಕೊಲ್ಲಿಯಾಚೆಯಿಂದ ಸಕುರಾಜಿಮಾ ಜ್ವಾಲಾಮುಖಿ ಬೆಟ್ಟ ಉಗುಳುವ ಬೂದಿ, ಇಷ್ಟೇ. ಕಾರ್ಖಾನೆಯಲ್ಲಿ ನಾಲ್ಕು ಮಹಡಿ ಎತ್ತರದ ಉಕ್ಕಿನ ಟ್ಯಾಂಕುಗಳು ಪೂರ್ವಕ್ಕೊಂದು ಸಾಲು, ಪಶ್ಚಿಮಕ್ಕೊಂದು ಸಾಲು ನಿಂತಿದ್ದವು. ಅವುಗಳೊಳಗೆ ಕಾಕಂಬಿ ಕುಡಿದು ಮರಿಗಳು ಲೈಸೀನ್ ಎಂಬ ಅಮೈನೊ ಆಮ್ಲವನ್ನು ಹೊರಹಾಕುತ್ತಿದ್ದವು. ಅದನ್ನು ಒಣಗಿಸಿ ಪುಡಿ ಮಾಡಿ ಹಂದಿ, ಕೋಳಿಗಳ ಮೇವಿಗೆ ಬೆರೆಸಲು ಕಳಿಸುತ್ತಿದ್ದರು. ಊರ ತುಂಬ ಸುಟ್ಟ ಬೆಲ್ಲದ ವಾಸನೆ. ಆ ವಾಸನೆ ನಿಂತ ದಿನ ಊರಿನ ಒಲೆಯೂ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಚಿಜುವನ್ನು ಅಲ್ಲಿಗೆ ಸೇರಿಸಿದವನು ಅವಳ ಮೈದುನ ಇಸಾವೊ. ಗಂಡ ಯಾಸುತೊ ಬೂತಾಯಿ ಮೀನಿನ ದೋಣಿಯಲ್ಲಿ ಹೋಗಿ ತಾನೆಗಾಶಿಮಾ ದ್ವೀಪದಾಚೆ ಮುಳುಗಿದ. ದೋಣಿಯ ಹಲಗೆ ಸಿಕ್ಕಿತು, ಅವನು ಸಿಗಲಿಲ್ಲ. ಮಕ್ಕಳಿರಲಿಲ್ಲ. ಅತ್ತೆ ಮೂಲೆ ಹಿಡಿದಿದ್ದಳು. ಆಗ ಇಸಾವೊ ಪೂರ್ವದ ಸಾಲಿನ ಮೇಸ್ತ್ರಿ. ಮೇಲಿನವರ ಮುಂದೆ ನಿಂತು, "ನಮ್ಮತ್ತಿಗೆ ಕೈ ಸ್ವಚ್ಛ, ಬಾಯಿ ಮಾತ್ರ ಸ್ವಲ್ಪ ಜೋರು. ತಳಿಕೋಣೇಲಿ ಬಾಯಿ ಯಾರಿಗೆ ಬೇಕು, ಕೈ ನೋಡಿ" ಎಂದು ಹೇಳಿ ಕೆಲಸ ಕೊಡಿಸಿದ. ಆ ಮಾತನ್ನು ಅವಳ ಮುಂದೆ ಹತ್ತು ಸಲ ಹೇಳಿ ಅಣಕಿಸುವುದನ್ನೂ ಬಿಡಲಿಲ್ಲ.

ಇಸಾವೊ ಟ್ಯಾಂಕುಗಳ ನಡುವೆಯೇ ತಲೆ ನೆರೆಸಿಕೊಂಡವನು. ಒಂದು ಟ್ಯಾಂಕಿಗೆ ಮರಿಗಳನ್ನು ಬಿಡುವ ಮೊದಲು ಅದರ ಕೊಳವೆ, ಮೂಲೆ, ಮೂತಿ ಎಲ್ಲವನ್ನೂ ಸ್ಟೀಮಿನಿಂದ ಬೇಯಿಸಬೇಕು. ಒಂದು ಕಡೆ ಹಸಿ ಉಳಿದರೂ ಕೆಟ್ಟಿತು. ಅವನು ವಾಲ್ವು ತಿರುಗಿಸುವ ಮುನ್ನ ಅದರ ಮೇಲೆ ಅಂಗೈ ಒತ್ತಿ, ಚರ್ಮ ಚುರುಕ್ ಎಂದ ಮೇಲೆಯೇ ಮುಂದಿನ ಕೆಲಸ ಹಿಡಿಯುತ್ತಿದ್ದ. ಆ ಅಂಗೈಗಳಲ್ಲಿ ರೇಖೆಗಳೇ ಅಳಿಸಿಹೋಗಿದ್ದವು. "ಕೈ ನೋಡಿ ಭವಿಷ್ಯ ಹೇಳೋರಿಗೆ ನೀನು ಸಿಕ್ಕಿದ್ರೆ ಓಡಿಹೋಗ್ತಾರೆ ಕಣೋ" ಎಂದು ಚಿಜು ನಗುತ್ತಿದ್ದಳು.

ಮರಿಗಳನ್ನು ಮಾಡಿದವರು ಓರಿಟಾ ಮೇಷ್ಟ್ರು. ಪ್ರಯೋಗಶಾಲೆಯ ಮುಖ್ಯಸ್ಥರು, ದೊಡ್ಡ ವಿದ್ವಾಂಸರು, ಆದರೆ ಅಂಗಿಯ ಗುಂಡಿ ಯಾವತ್ತೂ ಸರಿ ಹಾಕಿಕೊಂಡವರಲ್ಲ. ಮಣ್ಣಿನಿಂದ ಹೆಕ್ಕಿದ ಒಂದು ಸಾಧಾರಣ ಬ್ಯಾಕ್ಟೀರಿಯಾವನ್ನು ಹಿಡಿದು ಅದರ ಒಳಗನ್ನೇ ಅವರು ತಿದ್ದುತ್ತಾ ಬಂದಿದ್ದರು. ಚಿಜು ಸೇರಿದ ಹೊಸದರಲ್ಲಿ ಒಮ್ಮೆ ಅವಳನ್ನು ಕೂರಿಸಿಕೊಂಡು ವಿವರಿಸಿದ್ದರು.

"ನೋಡಿ ಚಿಜು ಅವರೇ, ಇದರ ಹೊಟ್ಟೇಲಿ ಒಂದು ಅಡುಗೆಮನೆ ಇದೆ. ಒಂದೇ ಹಿಟ್ಟಲ್ಲಿ ನಾಲ್ಕು ತಿಂಡಿ ಮಾಡ್ಕೊಳ್ಳುತ್ತೆ. ನಾನು ಮೂರು ಒಲೆ ಆರಿಸಿಬಿಟ್ಟೆ."

"ಉಳಿದ ತಿಂಡಿಗೆ ಏನು ಮಾಡುತ್ತೆ ಪಾಪ?"

"ನಾವು ಹೊರಗಿಂದ ಕೊಡ್ತೀವಿ, ಸಾಯದಷ್ಟು. ಇನ್ನೊಂದಿದೆ. ಯಾವ ಜೀವವೂ ತನಗೆ ಬೇಕಾದಷ್ಟು ಆದ ಮೇಲೆ ಸಾಕು ಅಂತ ಕೈ ನಿಲ್ಲಿಸುತ್ತೆ. ಆ 'ಸಾಕು' ಅನ್ನೋದನ್ನೂ ತೆಗೆದುಹಾಕಿದೆ. ಈಗ ಇದು ಮಾಡ್ತಾನೇ ಇರುತ್ತೆ, ತಾನು ಇಟ್ಟುಕೊಳ್ಳದೆ ಹೊರಗೆ ಹಾಕ್ತಾನೇ ಇರುತ್ತೆ."

ಚಿಜು ನಳಿಗೆಯೊಳಗಿನ ಹಳದಿ ಗೀರನ್ನು ಸುಮ್ಮನೆ ನೋಡಿದಳು. "ಸೊಸೆ ಮಾಡಿಬಿಟ್ಟಿರಿ ಅನ್ನಿ" ಎಂದಳು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅವತ್ತಿನಿಂದ ತಳಿಯ ಹೊಣೆ ಅವಳದ್ದೇ ಆಯಿತು. ತಂತಿಯ ಕುಣಿಕೆಯನ್ನು ಬೆಂಕಿಗೆ ಹಿಡಿದು ಕೆಂಪಾಗಿಸಿ, ಹಳೆಯ ನಳಿಗೆಯಿಂದ ಹೊಸ ನಳಿಗೆಗೆ, ಅಲ್ಲಿಂದ ಸೀಸೆಗೆ, ಸೀಸೆಯಿಂದ ಚಿಕ್ಕ ಟ್ಯಾಂಕಿಗೆ ಅವಳು ದಾಟಿಸಿದ್ದನ್ನೇ ಇಸಾವೊ ದೊಡ್ಡ ಟ್ಯಾಂಕಿಗೆ ಇಳಿಸುತ್ತಿದ್ದ. ಅತ್ತಿಗೆ ಹೆರುತ್ತಾಳೆ, ಮೈದುನ ಸಾಕುತ್ತಾನೆ ಎಂದು ಕಾರ್ಖಾನೆಯಲ್ಲಿ ಪೋಲಿ ಮಾತೊಂದು ಓಡಾಡುತ್ತಿತ್ತು. ಅದನ್ನು ಕೇಳಿ ಇಬ್ಬರೂ ನಗುತ್ತಿದ್ದರು.

ಕಾರ್ಖಾನೆಯ ಅಂಗಳದಲ್ಲಿ ಮರಿಗಳಿಗೊಂದು ಸಮಾಧಿಯಿತ್ತು. ನಮ್ಮ ಹೊಟ್ಟೆಪಾಡಿಗೆ ಕೋಟಿಗಟ್ಟಲೆ ಜೀವ ಸಾಯುತ್ತದಲ್ಲ, ಅವಕ್ಕೊಂದು ಕಲ್ಲಾದರೂ ಇರಲಿ ಎಂದು ಕಂಪನಿಯ ಅಧ್ಯಕ್ಷರೇ ಬಂದು ನಿಲ್ಲಿಸಿದ್ದು. ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಭಿಕ್ಷು ಬಂದು ಮಂತ್ರ ಹೇಳಿ ಹೋಗುತ್ತಿದ್ದರು. ಬೇರೆ ಊರಾಗಿದ್ದರೆ ಅದು ವರ್ಷಕ್ಕೊಂದು ದಿನದ ಶಾಸ್ತ್ರವಾಗಿ ಉಳಿಯುತ್ತಿತ್ತೇನೋ. ನಮ್ಮ ಕಡೆಯವರಿಗೆ ಸಮಾಧಿಯೆಂದರೆ ಮನೆಯ ಇನ್ನೊಂದು ಕೋಣೆ. ಹೂವು ಬಾಡಿದರೆ ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ. ಬೂದಿ ಬೀಳದಿರಲೆಂದು ಸಮಾಧಿಗೂ ಮಾಡು ಕಟ್ಟುವ ಜನ ನಾವು. ಹಾಗಾಗಿ ಮರಿಗಳ ಕಲ್ಲಿಗೂ ಹೆಂಗಸರು ಹಠ ಹಿಡಿದು ತಗಡಿನ ಮಾಡು ಹಾಕಿಸಿದರು. ಬೆಳಿಗ್ಗೆ ಹೂವು ಬದಲಿಸುವುದು, ನೀರು ಹಾಕುವುದು, ಕಲ್ಲಿನ ಸುತ್ತ ಬೂದಿ ಗುಡಿಸುವುದು ಚಿಜುವಿನ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ, ತಾನಾಗಿ ಹಿಡಿದುಕೊಂಡಳು.

ಎಂಬತ್ತಾರನೆಯ ಇಸವಿಯ ಮಳೆಗಾಲದ ಆರಂಭದಲ್ಲಿ ಪಶ್ಚಿಮದ ಸಾಲಿನ ಒಂದು ಟ್ಯಾಂಕಿಗೆ ಕರಗುರೋಗ ಬಂತು. ಪುಸ್ತಕದಲ್ಲಿ ಅದಕ್ಕೆ ಫೇಜ್ ಎನ್ನುತ್ತಾರೆ. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸು. ಮರಿಯ ಮೈಗೆ ಅಂಟಿ, ಒಳಗೆ ತನ್ನ ಸಂತಾನ ತುಂಬಿ, ಹೊಟ್ಟೆ ಒಡೆದು ಹೊರಗೆ ಬರುತ್ತದೆ. ಟ್ಯಾಂಕು ಆರೋಗ್ಯವಾಗಿದ್ದಾಗ ಅದಕ್ಕೆ ಅಮೋನಿಯಾ ಬಿಡುವ ವಾಲ್ವು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಅವತ್ತು ಮಧ್ಯಾಹ್ನ ಆ ಸದ್ದು ನಿಂತಿತು. ದ್ರವದೊಳಗಿನ ಗಾಳಿ ಅಳೆಯುವ ಮುಳ್ಳು ಮೇಲಕ್ಕೇರಿತು, ಒಳಗೆ ಉಸಿರಾಡುವವರು ಯಾರೂ ಉಳಿದಿರಲಿಲ್ಲವಾದ್ದರಿಂದ. ಮಜ್ಜಿಗೆಯಂತೆ ಮಂದವಾಗಿರಬೇಕಾದ ದ್ರವ ತಿಳಿ ಚಹಾದಂತಾಗಿ, ಮೇಲೆ ನೊರೆ ಉಕ್ಕಿ ಬಂತು.

ಅದು ಯಾರ ತಪ್ಪೂ ಅಲ್ಲ, ಮಳೆಗಾಲದ ಪಾಡು ಎಂದು ಎಲ್ಲರೂ ಒಪ್ಪಿದರು. ಇಡೀ ಟ್ಯಾಂಕನ್ನು ಕುದಿಸಿ ಚೆಲ್ಲಿದರು. ನಿಯಮ ಬಹಳ ಕಟ್ಟುನಿಟ್ಟು. ಕರಗಿದ ಟ್ಯಾಂಕಿನ ಒಂದು ಹನಿಯೂ ಕುದಿಯದೆ ಹೊರಗೆ ಹೋಗಬಾರದು. ಪರೀಕ್ಷೆಗೆಂದು ತಳಿಕೋಣೆಗೆ ಬಂದ ಸೀಸೆಗಳನ್ನೂ ಕೊನೆಗೆ ಸ್ಟೀಮ್ ಪೆಟ್ಟಿಗೆಗೆ ಹಾಕಬೇಕು. ಆ ಸೀಸೆಗಳು ಚಿಜುವಿನ ಕೈಗೆ ಬಂದವು. ಸೂಕ್ಷ್ಮದರ್ಶಕದಲ್ಲಿ ನೋಡಿದಳು. ತಾನು ದಾಟಿಸಿದ ಮರಿಗಳ ಖಾಲಿ ಚರ್ಮಗಳು ತೇಲುತ್ತಿದ್ದವು.

ಅವಳು ಸೀಸೆಗಳನ್ನು ಪೆಟ್ಟಿಗೆಗೆ ಹಾಕಿದಳು, ಒಂದನ್ನು ಬಿಟ್ಟು. ಅದನ್ನು ಏಪ್ರನ್ನಿನ ಜೇಬಿಗೆ ಇಳಿಸಿಕೊಂಡಳು.

ಇದನ್ನು ಹುಚ್ಚು ಎನ್ನುವವರು ಯಾಸುತೊನ ಸಮಾಧಿಯನ್ನು ನೋಡಬೇಕಿತ್ತು. ಅದರೊಳಗೆ ಅವನ ಬಾಚಣಿಗೆ, ಒಂದು ಹಿಡಿ ಕಡಲ ಮರಳು ಬಿಟ್ಟರೆ ಏನಿಲ್ಲ. ಹನ್ನೊಂದು ವರ್ಷ ಅವಳು ದಿನಾ ಹೋಗಿ ಬಾಚಣಿಗೆಗೆ ಹೂವಿಟ್ಟು ಬಂದವಳು. ಖಾಲಿ ಕಲ್ಲಿಗೆ ಕೈ ಮುಗಿಯುವುದು ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಒಂದು ಟ್ಯಾಂಕಿನಷ್ಟು ಮರಿಗಳು ಒಂದೇ ಮಧ್ಯಾಹ್ನ ಸತ್ತಿವೆ, ಅವುಗಳ ಹೆಸರಿನ ಕಲ್ಲು ಅಂಗಳದಲ್ಲೇ ಇದೆ, ಅದರ ಬುಡಕ್ಕೆ ಅವುಗಳದ್ದು ಅಂತ ಏನೂ ಹೋಗಬಾರದೇ? ಕುದಿಸಿ ಹಾಕಬಹುದಿತ್ತಲ್ಲ ಎನ್ನಬಹುದು. ಕುದಿಸಿದ ಮೇಲೆ ಅದು ಗಂಜಿ, ಮರಿಗಳಲ್ಲ ಎಂದು ಅವಳಿಗನಿಸಿತು. ರೋಗದ ಭಯ ಅವಳಿಗೆ ಆಗಲಿಲ್ಲ. ಮೇಷ್ಟ್ರು ಪಾಠ ಮಾಡುವಾಗ ಹೇಳಿದ್ದು ಅವಳ ಕಿವಿಯಲ್ಲಿತ್ತು: ಫೇಜಿಗೆ ಸ್ವಂತ ಉಸಿರಿಲ್ಲ, ಊಟವಿಲ್ಲ, ಬ್ಯಾಕ್ಟೀರಿಯಾ ಇಲ್ಲದೆ ಅದಕ್ಕೆ ಬದುಕೇ ಇಲ್ಲ. ಮರಿಗಳು ಸತ್ತ ಮೇಲೆ ಅದೂ ಉಪವಾಸ ಸತ್ತಿರುತ್ತದೆ ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಕಲ್ಲಿನ ಬುಡದಲ್ಲಿ ಸಣ್ಣ ಗುಳಿ ತೋಡಿ ಸೀಸೆಯನ್ನು ಬಗ್ಗಿಸಿದಳು. ಮೇಲೆ ಮಣ್ಣೆಳೆದು, ಸೇವಂತಿಗೆ ಇಟ್ಟು, ನೀರು ಚಿಮುಕಿಸಿ ಕೈ ಮುಗಿದಳು. ಮನಸ್ಸು ಹಗುರವಾಯಿತು. ಎಷ್ಟೋ ವರ್ಷಗಳ ನಂತರ ಯಾರಿಗೋ ಸರಿಯಾಗಿ ಮಣ್ಣು ಕೊಟ್ಟಂತಾಯಿತು ಅವಳಿಗೆ.

ಮಳೆಯ ನಡುವೆ ಒಂದು ವಾರ ಬಿಸಿಲು ಬಂತು, ಬೆಟ್ಟ ಬೂದಿ ಉಗುಳಿತು, ಚಿಜು ದಿನಾ ಗುಡಿಸಿದಳು. ಆಮೇಲೆ ಪೂರ್ವದ ಸಾಲಿನಲ್ಲಿ ಟ್ಯಾಂಕು ಕರಗಿತು. ಕುದಿಸಿ, ತೊಳೆದು, ಮತ್ತೆ ಮರಿ ಬಿಟ್ಟರು. ಪಕ್ಕದ್ದು ಕರಗಿತು. ಅದನ್ನು ಸರಿ ಮಾಡುವಷ್ಟರಲ್ಲಿ ಮೊದಲನೆಯದೇ ಮತ್ತೆ ಕರಗಿತು. ಪಶ್ಚಿಮದ ಸಾಲಿಗೆ ಏನೂ ಆಗಲಿಲ್ಲ. ಓರಿಟಾ ಮೇಷ್ಟ್ರು ರೋಗಕ್ಕೆ ಬಗ್ಗದ ತಳಿಯನ್ನು ಹುಡುಕಹೊರಟರು. ರೋಗದಲ್ಲಿ ಬದುಕಿ ಉಳಿದ ಕೆಲವು ಮರಿಗಳು ಸಿಕ್ಕಿದವು ನಿಜ. ಆದರೆ ಅವು ಫೇಜ್ ಅಂಟದಂತೆ ಮೈಯ ಹೊದಿಕೆಯನ್ನೇ ಬದಲಿಸಿಕೊಂಡಿದ್ದವು, ಹೊದಿಕೆ ಬದಲಾದ ಮೇಲೆ ಲೈಸೀನ್ ಹೊರಗೆ ಬರುವುದೂ ಅರ್ಧಕ್ಕೆ ಇಳಿದಿತ್ತು. ಮೇಷ್ಟ್ರು ಗಡ್ಡ ಬಿಟ್ಟರು. ಊರಿನಲ್ಲಿ ಬೆಲ್ಲದ ವಾಸನೆ ತೆಳುವಾಯಿತು.

ಮ್ಯಾನೇಜರ್ ಒಂದೇ ಪ್ರಶ್ನೆ ಹಿಡಿದರು. ಅದೇ ಮರಿ, ಅದೇ ಕಾಕಂಬಿ, ಪೂರ್ವದ ಸಾಲು ಮಾತ್ರ ಯಾಕೆ? ಆ ಸಾಲಿನ ಮೇಸ್ತ್ರಿ ಯಾರು?

ಇಸಾವೊನನ್ನು ಕೋಣೆಗೆ ಕರೆಸಿದರು. ಒಂದು ಸಲವಲ್ಲ, ಮತ್ತೆ ಮತ್ತೆ. ಬೈಯಲಿಲ್ಲ, ಕೂಗಲಿಲ್ಲ. ಚಹಾ ಕೊಟ್ಟು ಕೇಳುತ್ತಿದ್ದರು. ಸ್ಟೀಮು ಪೂರ್ತಿ ಬಿಟ್ಟಿದ್ರಾ? ಖಂಡಿತಾನಾ? ಪ್ರತಿ ಸಲಾನೂ? ಒಂದು ಸಲಾನೂ ಆತುರ ಆಗಿಲ್ವಾ? ಚೆನ್ನಾಗಿ ನೆನಪು ಮಾಡಿಕೊಳ್ಳಿ, ಅವಸರ ಇಲ್ಲ. ನಯವಾಗಿ ಸುಲಿಯುವುದು ಎಂದರೆ ಇದೇ. ಮೊದಲ ವಾರ ಇಸಾವೊ "ಬಿಟ್ಟಿದ್ದೆ" ಎಂದ. ಆಮೇಲೆ "ಬಿಟ್ಟಿರಬೇಕು" ಎಂದ. ಆಮೇಲೆ "ನೆನಪಿಲ್ಲ" ಎಂದ.

ಚಿಜು ಊಟದ ಹೊತ್ತಿನಲ್ಲಿ ಅವನ ಪಕ್ಕ ಕೂತು ರೇಗಿದಳು. "ಏನೋ ಅದು ನೆನಪಿಲ್ಲ ಅಂದ್ರೆ? ಅಂಗೈ ಸುಟ್ಟುಕೊಂಡೋನು ನೀನು. ನೆನಪಿಲ್ವಂತೆ!"

"ದಿನಾ ಸುಡುತ್ತೆ ಅತ್ತಿಗೆ. ಯಾವ ದಿನ ಸುಡಲಿಲ್ಲ ಅಂತ ಹೇಗೆ ಹೇಳ್ಲಿ?"

"ಸುಡದೆ ಇದ್ದಿದ್ರೆ ಗೊತ್ತಾಗ್ತಿತ್ತು."

"ಅದೇ ಗೊತ್ತಾಗ್ತಿಲ್ಲ ನೋಡಿ" ಎಂದು ಇಸಾವೊ ಡಬ್ಬಿ ಮುಚ್ಚಿದ. ಒಳಗಿನ ಉಪ್ಪು ಮೀನನ್ನು ಮುಟ್ಟಿರಲಿಲ್ಲ. ಮನೆಯಲ್ಲೂ ಹೀಗೇ, ರಾತ್ರಿ ಎದ್ದು ಬಚ್ಚಲ ನಲ್ಲಿ ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸಿ ನೋಡುತ್ತಾರೆ ಎಂದು ಅವನ ಹೆಂಡತಿ ಚಿಜುವಿನ ಮುಂದೆ ಅತ್ತಳು.

ಪಿತೃಗಳು ಮನೆಗೆ ಬರುವ ಓಬೊನ್ ಹಬ್ಬದ ರಜೆ ಇನ್ನೇನು ಬರುತ್ತದೆ ಎನ್ನುವಾಗ ಇಸಾವೊ ರಾಜೀನಾಮೆ ಬರೆದುಕೊಟ್ಟ. ಬರೆಯಿರಿ ಎಂದು ಯಾರೂ ಹೇಳಲಿಲ್ಲ. ಬರೆಯದೆ ಇರಲಾರದ ಹಾಗೆ ಮಾಡಿದರು, ಅಷ್ಟೇ. ತನ್ನ ಸಾಲಿನ ಒಂದೊಂದು ಟ್ಯಾಂಕಿನ ಮುಂದೂ ಬಗ್ಗಿ ನಮಸ್ಕಾರ ಮಾಡಿ, ಟೋಪಿ ಕೊಟ್ಟು ಹೊರಟುಹೋದ. ಚಿಜು ತಳಿಕೋಣೆಯ ಗಾಜಿನಿಂದ ನೋಡುತ್ತಾ ನಿಂತಿದ್ದಳು. ಕೈಯಲ್ಲಿ ಉರಿಯುವ ತಂತಿ ಇದ್ದುದರಿಂದ ಓಡಿಹೋಗಲಾಗಲಿಲ್ಲ.

ಓರಿಟಾ ಮೇಷ್ಟ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ಅವರು ಹಿಂದಿನ ವಾರವೇ ಹತ್ತಿ ಸುತ್ತಿದ ಕಡ್ಡಿ ಹಿಡಿದು ಕಾರ್ಖಾನೆಯ ತುಂಬ ತಿರುಗಿದ್ದರು. ಚರಂಡಿ, ಮೆಟ್ಟಿಲು, ಬೂಟು, ಕೊಳವೆಯ ಸಂದಿ, ಅಂಗಳದ ಮಣ್ಣು, ಎಲ್ಲ ಕಡೆಯ ಧೂಳನ್ನೂ ಒರೆಸಿ ತಂದು ಚಿಜುವಿಗೆ ಕೊಟ್ಟಿದ್ದರು. ಮರಿಗಳನ್ನು ಒತ್ತಾಗಿ ಬಿತ್ತಿದ ತಟ್ಟೆಯ ಮೇಲೆ ಆ ಧೂಳನ್ನು ಹಚ್ಚಿ ಬೆಚ್ಚಗಿಟ್ಟರೆ, ಫೇಜ್ ಇರುವ ಕಡೆ ತೂತು ಬೀಳುತ್ತದೆ. ಇಸಾವೊ ಹೋದ ಮಾರನೆಯ ದಿನ ಚಿಜು ಪೆಟ್ಟಿಗೆ ತೆಗೆದಳು. ಚರಂಡಿಯ ತಟ್ಟೆಯಲ್ಲಿ ಒಂದೆರಡು ತೂತು. ಇಸಾವೊನ ವಾಲ್ವುಗಳ ತಟ್ಟೆಗಳೆಲ್ಲ ತುಂಬು ಹಳದಿ, ಒಂದು ಚುಕ್ಕೆಯೂ ಇಲ್ಲ. ಒಂದು ತಟ್ಟೆಯಲ್ಲಿ ಮಾತ್ರ ಮರಿಗಳೇ ಇರಲಿಲ್ಲ. ತೂತಿಗೆ ತೂತು ಸೇರಿ ಇಡೀ ತಟ್ಟೆ ಬೋಳಾಗಿತ್ತು. ಅದರ ಅಂಚಿನಲ್ಲಿ ಮೇಷ್ಟ್ರ ಕೈಬರಹದಲ್ಲಿ ಸಮಾಧಿಯ ಮಣ್ಣು ಎಂದಿತ್ತು.

ಅವಳು ತಟ್ಟೆ ಹಿಡಿದೇ ಮೇಷ್ಟ್ರ ಕೋಣೆಗೆ ಹೋದಳು.

"ಇದು ನಾನು ಮೇಷ್ಟ್ರೇ. ಒಂದು ಸೀಸೆ ತಂದು ಕಲ್ಲಿನ ಬುಡಕ್ಕೆ ಹಾಕಿದೆ."

"ಕುದಿಸಿ ತಾನೇ?"

"ಇಲ್ಲ. ಮರಿ ಸತ್ತ ಮೇಲೆ ಅದೂ ಸತ್ತಿರುತ್ತೆ ಅಂದುಕೊಂಡೆ. ಬದುಕೇ ಇಲ್ಲ ಅಂತ ನೀವೇ ಹೇಳಿದ್ರಿ."

ಓರಿಟಾ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. "ಬದುಕೇ ಇಲ್ಲ ಅಂದೆ. ಬದುಕೇ ಇಲ್ಲದ್ದು ಸಾಯೋದು ಹೇಗೆ ಚಿಜು ಅವರೇ? ಕಲ್ಲು ಉಪವಾಸ ಸಾಯುತ್ತಾ?"

ಆಮೇಲೆ ಒಂದೊಂದೇ ಬಿಡಿಸಿ ಹೇಳಿದರು. ಬಿಸಿಲಿಗೆ ಬಿದ್ದಿದ್ದರೆ ಅದು ಹಾಳಾಗುತ್ತಿತ್ತು, ಆದರೆ ಅಲ್ಲಿ ತಗಡಿನ ಮಾಡು ಇತ್ತು. ದಿನಾ ಚಿಮುಕಿಸಿದ ನೀರಿನಿಂದ ಮಣ್ಣು ತೇವವಾಗಿತ್ತು. ಈ ಮರಿಗಳ ನೆಂಟರು ಮಣ್ಣಿನಲ್ಲೇ ಇರುವವರು, ಅವರನ್ನು ತಿಂದು ಅದು ಬೆಳೆಯಿತು. ಮೇಲ್ಮಣ್ಣು ಬೂದಿಯೊಂದಿಗೆ ಒಣಗಿದಾಗ ಪೊರಕೆ ಧೂಳೆಬ್ಬಿಸಿತು. ಪೂರ್ವದ ಸಾಲಿಗೆ ಗಾಳಿ ಎಳೆಯುವ ಕಂಪ್ರೆಸರ್ ಇದ್ದದ್ದು ಕಲ್ಲಿನ ಹಿಂದುಗಡೆಯ ಗೋಡೆಯಲ್ಲಿ. ಮಳೆಗಾಲದಲ್ಲಿ ಅದರ ಗಾಳಿ ಸೋಸುವ ಜಾಲರಿ ಹಸಿಯಾಗಿ ಧೂಳನ್ನು ಒಳಗೆ ಬಿಡುತ್ತಿತ್ತು. ಅವಳು ದಿನಾ ಬೆಳಿಗ್ಗೆ ತನ್ನ ಕೈಯಾರೆ ಟ್ಯಾಂಕುಗಳ ಮೂಗಿಗೆ ರೋಗ ಗುಡಿಸಿದ್ದಳು.

"ಹಾಗಾದ್ರೆ ಇಸಾವೊ?" ಎಂದಳು ಚಿಜು. "ಅವನನ್ನ ವಾಪಸ್ ಕರೆಸಿ. ನನ್ನ ಓಡಿಸಿ."

ಇಬ್ಬರೂ ಮ್ಯಾನೇಜರ್ ಬಳಿ ಹೋದರು. ಅವರು ತಟ್ಟೆಯನ್ನು ನೋಡಿದರು, ಬಾಗಿಲು ಹಾಕಿದರು. ಅಧ್ಯಕ್ಷರು ನಿಲ್ಲಿಸಿದ ಕಲ್ಲು. ಭಿಕ್ಷುಗಳು ಮಂತ್ರ ಹೇಳಿದ ಜಾಗ. ಅಲ್ಲಿಂದಲೇ ರೋಗ ಬಂತು ಅಂತ ಹೊರಗೆ ಹೋದರೆ ಕಂಪನಿಯ ಮುಖ ಏನಾದೀತು? ಇಸಾವೊ ತಾನಾಗಿ ಬರೆದುಕೊಟ್ಟಿದ್ದಾನೆ, ಯಾರೂ ಅವನನ್ನು ತಪ್ಪಿತಸ್ಥ ಅಂದಿಲ್ಲವಲ್ಲ. "ಸಮೆಜಿಮಾ ಅವರೇ, ನೀವು ದಣಿದಿದ್ದೀರಿ. ಹಬ್ಬ ಮುಗಿಸಿಕೊಂಡು ಬನ್ನಿ" ಎಂದು ಎದ್ದು ನಿಂತು ನಮಸ್ಕಾರ ಮಾಡಿದರು. ಎದ್ದು ನಮಸ್ಕಾರ ಮಾಡಿದವರ ಮುಂದೆ ಕೂತು ಜಗಳವಾಡುವುದು ನಮ್ಮ ಜನಕ್ಕೆ ಬರುವುದಿಲ್ಲ.

ಹೊರಗೆ ಓರಿಟಾ ಅವಳ ಮುಂದೆ ತಲೆ ತಗ್ಗಿಸಿದರು. "ಚಳಿಗಾಲದ ತನಕ ತಡೀರಿ. ಟ್ಯಾಂಕು ಚೇತರಿಸಿಕೊಳ್ಳಲಿ. ಆಮೇಲೆ ನಾನೇ ಮಾತಾಡಿ ಅವನನ್ನ ಕರೆಸ್ತೀನಿ."

ಚಿಜು ತಡೆದಳು. ಮೇಷ್ಟ್ರ ಮೇಲಿನ ನಂಬಿಕೆಯಿಂದ ತಡೆದಳು ಎಂದು ಹೇಳಿದರೆ ಅರ್ಧ ಸತ್ಯ. ತಳಿಕೋಣೆ ಹೋದರೆ ತನಗೆ ಏನೂ ಉಳಿಯುವುದಿಲ್ಲ ಎಂಬ ಹೆದರಿಕೆ ಉಳಿದರ್ಧ. ಆ ಹೆದರಿಕೆಗೆ ಅವಳು ನಾಚಿಕೊಂಡಳು, ಆದರೂ ಬಾಯಿ ತೆರೆಯಲಿಲ್ಲ.

ರಜೆಯಲ್ಲಿ ಕಾರ್ಖಾನೆ ಖಾಲಿಯಿದ್ದಾಗ ಹೊರಗಿನ ಕೂಲಿಗಳು ಬಂದು ಕಲ್ಲನ್ನು ಕಿತ್ತರು. ಮಣ್ಣು ಅಗೆದು ಸುಟ್ಟ ಸುಣ್ಣ ಸುರಿದು, ಮೇಲೆ ಕಾಂಕ್ರೀಟ್ ಹಾಕಿದರು. ಕಂಪ್ರೆಸರಿಗೆ ಹೊಸ ಜಾಲರಿ ಬಂತು. ಕಲ್ಲು ಕಚೇರಿಯ ಹಿಂದಿನ ತೋಟದಲ್ಲಿ ಬಿಸಿಲಿಗೆ ನಿಂತಿತು. ತೋಟದ ಅಂದಕ್ಕಾಗಿ ಸ್ಥಳ ಬದಲಾವಣೆ ಎಂದು ಫಲಕ ಹಾಕಿದರು. ಹಬ್ಬ ಮುಗಿಸಿ ಬಂದವರಿಗೆ ಪೂರ್ವದ ಸಾಲಿಗೆ ಹೊಸ ಮೇಸ್ತ್ರಿ ಬಂದದ್ದು ಕಂಡಿತು. ಟ್ಯಾಂಕುಗಳು ಗುಣವಾದವು. ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು, ಒಂದೂ ಕರಗಲಿಲ್ಲ. ಅಮೋನಿಯಾ ವಾಲ್ವುಗಳು ಎರಡೂ ಸಾಲಿನಲ್ಲಿ ಟಿಕ್ ಟಿಕ್ ಎನ್ನುತ್ತಿದ್ದವು. ಮೇಷ್ಟ್ರು ಬಡ್ತಿ ಪಡೆದು ಟೋಕಿಯೊದ ಮುಖ್ಯ ಕಚೇರಿಗೆ ಹೋದರು. ಹೋಗುವ ಗಡಿಬಿಡಿಯಲ್ಲಿ ಚಿಜುವಿನ ಕಣ್ಣು ತಪ್ಪಿಸಿದರು.

ನವೆಂಬರಿನಲ್ಲಿ ಮರಿಗಳ ವಾರ್ಷಿಕ ಪೂಜೆ ನಡೆಯಿತು. ಭಿಕ್ಷು ಮಂತ್ರ ಮುಗಿಸಿದ ಮೇಲೆ ಮ್ಯಾನೇಜರ್ ನಾಲ್ಕು ಮಾತಾಡಿದರು. ಮಳೆಗಾಲದಲ್ಲಿ ಕಷ್ಟ ಬಂತು, ಶಿಸ್ತು ತಂದೆವು, ಶಿಸ್ತು ಬಂದ ಮೇಲೆ ಒಂದು ಟ್ಯಾಂಕೂ ಹೋಗಿಲ್ಲ, ಇದನ್ನು ಮರೆಯಬಾರದು ಎಂದರು. ಇಸಾವೊನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಚಿಜುವಿನ ಹಿಂದೆ ನಿಂತಿದ್ದ ಇಬ್ಬರು ಪಿಸುಗುಟ್ಟಿದರು. "ಅವನು ಹೋದ, ರೋಗ ಹೋಯ್ತು. ಇನ್ನೇನು ಸಾಕ್ಷಿ ಬೇಕು?" "ಒಳ್ಳೆ ಮನುಷ್ಯ, ಕೈ ಮಾತ್ರ ಕೆಟ್ಟಿತ್ತು ನೋಡು."

ಚಿಜು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಣ್ಣ ಸುರಿದದ್ದು ಯಾರಿಗೂ ಗೊತ್ತಿಲ್ಲ, ಇಸಾವೊ ಹೋದದ್ದು ಎಲ್ಲರಿಗೂ ಗೊತ್ತು, ಎರಡೂ ಒಂದೇ ವಾರದಲ್ಲಿ ಆದವು. ತಾನು ಬಾಯಿ ಮುಚ್ಚಿಕೊಂಡ ಒಂದೊಂದು ದಿನವೂ, ಕರಗದೆ ಉಳಿದ ಒಂದೊಂದು ಟ್ಯಾಂಕೂ ಅವನ ಮೇಲಿನ ಅಪವಾದಕ್ಕೆ ಒಂದೊಂದು ಮೊಳೆ ಹೊಡೆದಿತ್ತು. ಮಾರನೆಯ ದಿನವೇ ರಜೆ ಹಾಕಿ ಬಸ್ಸು ಹತ್ತಿದಳು.

ಇಸಾವೊ ಒಳನಾಡಿನ ಗುಡ್ಡದ ಮೇಲೆ ಒಂದು ಹಂದಿ ಸಾಕಣೆಯಲ್ಲಿ ಕೆಲಸಕ್ಕಿದ್ದ. ಅವಳು ಹೋದಾಗ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಪೈಪು ಹಿಡಿದು ಹಂದಿಗೂಡು ತೊಳೆಯುತ್ತಿದ್ದ. ಮೈ ಇಳಿದಿತ್ತು. ಅವಳನ್ನು ಕಂಡು ನೀರು ನಿಲ್ಲಿಸಿದ.

"ಓಹೋ, ಅತ್ತಿಗೆ! ಹಂದಿ ನೋಡೋಕೆ ಬಂದ್ರಾ, ನನ್ನ ನೋಡೋಕೆ ಬಂದ್ರಾ? ವ್ಯತ್ಯಾಸ ಹೇಳಿಬಿಡ್ತೀನಿ, ಬೂಟು ಹಾಕಿರೋನು ನಾನು."

ಚಿಜುವಿಗೆ ನಗು ಬರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಸೀಸೆ, ಗುಳಿ, ಪೊರಕೆ, ಬೋಳಾದ ತಟ್ಟೆ, ಸುಣ್ಣ, ತಾನು ಬಾಯಿ ಮುಚ್ಚಿಕೊಂಡಿದ್ದು, ಏನನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಆ ಕೆಸರಿನಲ್ಲೇ ಮಂಡಿಯೂರಿದಳು. "ನಿನ್ನ ಕೈಯದೇನೂ ತಪ್ಪಿಲ್ಲ ಇಸಾವೊ. ನಿನ್ನ ವಾಲ್ವಿನ ತಟ್ಟೇಲಿ ಒಂದು ಚುಕ್ಕೇನೂ ಇರ್ಲಿಲ್ಲ. ಎಲ್ಲಾ ನಾನೇ ಮಾಡಿದ್ದು. ಬೈಯಿ ನನ್ನ. ಹೊಡಿ."

ಇಸಾವೊ ಪೈಪು ಕೆಳಗಿಟ್ಟು ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದ. ಬಹಳ ಮೆತ್ತಗೆ ಎಬ್ಬಿಸಿದ. ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ. ಅದನ್ನು ನೋಡಿಯೇ ಅವಳಿಗೆ ಮೊದಲ ಭಯ ಹುಟ್ಟಿತು.

"ಸುಳ್ಳು ಹೇಳೋಕೆ ನಿಮಗೆ ಯಾವತ್ತೂ ಬಂದಿಲ್ಲ ಅತ್ತಿಗೆ" ಎಂದ.

"ಸುಳ್ಳಾ? ಮೇಷ್ಟ್ರನ್ನ ಕೇಳೋ!"

"ಮೇಷ್ಟ್ರು ಎಲ್ಲಿದ್ದಾರೆ? ಸುಣ್ಣ ಯಾರು ನೋಡಿದ್ರು?" ಅವನು ತಲೆಯಾಡಿಸಿದ. "ನಾನು ಬಿಟ್ಟ ಮೇಲೆ ಒಂದು ಟ್ಯಾಂಕೂ ಹೋಗಿಲ್ವಂತೆ. ಮನುಷ್ಯರು ಏನಾದ್ರೂ ಅನ್ನಲಿ, ಮರಿಗಳಿಗೆ ಮುಲಾಜು ಗೊತ್ತಿಲ್ಲ. ಅವೇ ಹೇಳಿಬಿಟ್ವಲ್ಲ."

"ಇಸಾವೊ, ಕೇಳಿಲ್ಲಿ..."

"ಆವಾಗ ನೆನಪಿಲ್ಲ ಅಂತಿದ್ದೆ. ಈಗ ನೆನಪು ಬಂದಿದೆ ಅತ್ತಿಗೆ. ಚೆನ್ನಾಗಿ ಬಂದಿದೆ. ಸೋಮವಾರ. ಮೂರನೇ ವಾಲ್ವು. ಹೊರಗೆ ಮಳೆ ಹೊಡೀತಿತ್ತು, ಬಸ್ಸು ತಪ್ಪುತ್ತೆ ಅಂತ ಆತುರ. ಕೈ ಇಟ್ಟೆ, ತಣ್ಣಗಿತ್ತು. ಆದ್ರೂ ತಿರುಗಿಸಿದೆ." ಅವನು ರೇಖೆಯಿಲ್ಲದ ತನ್ನ ಬಲಗೈಯನ್ನು ಅವಳ ಮುಂದೆ ಹಿಡಿದು ತೋರಿಸಿದ. "ಈ ಕೈಯಲ್ಲೇ. ಈಗ್ಲೂ ಆ ತಣ್ಣಗಿದ್ದಿದ್ದು ಗೊತ್ತಾಗುತ್ತೆ."

"ಹಾಗೇನೂ ಆಗಿಲ್ಲ ಕಣೋ! ಅಂಥ ಸೋಮವಾರವೇ ಇರ್ಲಿಲ್ಲ!"

"ನೆನಪು ಬಂದ ಮೇಲೆ ನಿದ್ದೆ ಬರ್ತಿದೆ. ಅದನ್ನ ಕಿತ್ಕೋಬೇಡಿ." ಅವನು ಸೊಂಟದ ಟವೆಲು ಬಿಚ್ಚಿ ಬಗ್ಗಿ ಅವಳ ಮಂಡಿಯ ಕೆಸರು ಒರೆಸತೊಡಗಿದ. "ನನಗೋಸ್ಕರ ನಿಮ್ಮ ಮೇಲೆ ಹಾಕ್ಕೊಂಡು ಇಷ್ಟು ದೂರ ಬಂದ್ರಲ್ಲ, ಅದೇ ಸಾಕು. ಈ ಉಪಕಾರ ಮರೆಯಲ್ಲ. ಆದ್ರೆ ಇನ್ನೊಬ್ಬರ ಮುಂದೆ ಹೀಗೆಲ್ಲ ಹೇಳ್ಬೇಡಿ. ನಿಮ್ಮ ಕೆಲಸ ಹೋಗುತ್ತೆ."

ಚಿಜು ಅವನ ಭುಜ ಹಿಡಿದು ಅಲ್ಲಾಡಿಸಿದಳು. ಅವನು ಸುಮ್ಮನೆ ಅಲ್ಲಾಡಿಸಿಕೊಂಡ. ಒಳಗಿನಿಂದ ಮಾಲೀಕ ಕೂಗಿದ, ಮೇವಿನ ಹೊತ್ತಾಗಿತ್ತು. ಇಸಾವೊ ಎರಡೂ ಕೈ ತೊಡೆಗೆ ಒತ್ತಿ, ಸೊಂಟದಿಂದ ಬಗ್ಗಿ, ದೊಡ್ಡವರಿಗೆ ಮಾಡುವಂತೆ ಅವಳಿಗೆ ನಮಸ್ಕಾರ ಮಾಡಿ ಒಳಗೆ ಹೋದ. "ನಾನೇ ಮಾಡಿದ್ದು ಕಣೋ!" ಎಂದು ಅವಳು ಹಿಂದಿನಿಂದ ಕೂಗಿದಳು. ಹಂದಿಗಳ ಗದ್ದಲದಲ್ಲೂ ಅವನಿಗೆ ಕೇಳಿಸಿತು. ಹೌದು, ಗೊತ್ತಾಯಿತು, ಹುಷಾರಾಗಿ ಹೋಗಿ ಎನ್ನುವಂತೆ ತಿರುಗಿ ನೋಡದೆ ಕೈ ಬೀಸಿದ.